ಕರಾಬಾಯೊನ ತಾಂಬೂಲ

ಅಮೆರಿಕದ ಡಬ್ಲಿನ್ ಊರಿನ ಜಯರಾಮ್ ಮನೆಯಲ್ಲಿ, ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಎಂಟು ಜನ ಗಂಡಸರು ಸೋಫಾಗಳಲ್ಲಿ ಹೂತುಕೊಂಡು, ಹತ್ತೊಂಬತ್ತು ವರ್ಷದ ಹುಡುಗನೊಬ್ಬನ ಸೊಂಟ ಬಿಗಿಯೋ ಸಡಿಲವೋ ಎಂದು ಮುಕ್ಕಾಲು ಗಂಟೆಯಿಂದ ವಾದ ಮಾಡುತ್ತಿದ್ದರು. ಆ ಹುಡುಗನನ್ನು ಅವರಲ್ಲಿ ಒಬ್ಬರೂ ಕಣ್ಣಾರೆ ಕಂಡಿರಲಿಲ್ಲ.

“ಸೊಂಟ ತಿರುಗೋದು ಲೇಟು ಕಣ್ರೋ ಅವನದು. ನೋಡಿ, ಹಿಂಗೆ,” ಎಂದು ಜಯರಾಮ್ ಟೀವಿ ರಿಮೋಟನ್ನೇ ಬೇಸ್‌ಬಾಲ್ ಬ್ಯಾಟಿನಂತೆ ಬೀಸಿದ. ರಿಮೋಟಿನ ಬೆನ್ನು ಕಳಚಿ ಬ್ಯಾಟರಿಗಳೆರಡೂ ಕಾರ್ಪೆಟ್ ಮೇಲೆ ಉರುಳಿದವು. ಬಗ್ಗಿ ಹೆಕ್ಕಿಕೊಟ್ಟವರು ಗುರುಪ್ರಸಾದ.

ಹಾಲಿಗೆ ತೆರೆದುಕೊಂಡ ಅಡುಗೆಮನೆಯಲ್ಲಿ ನಿಂತು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದ ಅವರ ಮಗಳು ನಿರುಪಮಾ ಅದನ್ನು ನೋಡಿದಳು. ಯಾರ ಮನೆಯಲ್ಲಿ ಏನು ಬಿದ್ದರೂ ಮೊದಲು ಬಗ್ಗುವುದು ಅಪ್ಪನ ಬೆನ್ನೇ. ಈ ಎಂಟು ಜನ ಒಬ್ಬರನ್ನೊಬ್ಬರು ನೀನು, ತಾನು, ಲೋ ಎಂದೇ ಮಾತಾಡಿಸುತ್ತಿದ್ದರು. ಜಯರಾಮನನ್ನು ‘ನೀವು’ ಎನ್ನುತ್ತಿದ್ದವರು ಅಪ್ಪ ಒಬ್ಬರೇ. ಅವನು ಅದನ್ನು ಒಂದು ದಿನವೂ ಬೇಡವೆಂದಿರಲಿಲ್ಲ.

ಇವರು ಯಾರೂ ಬೇಸ್‌ಬಾಲ್ ಆಡಿದವರಲ್ಲ. ಬೆಂಗಳೂರು, ಮೈಸೂರಿನ ಬೀದಿಗಳಲ್ಲಿ ಟೆನಿಸ್ ಬಾಲಿನ ಕ್ರಿಕೆಟ್ ಆಡಿ, ಪಕ್ಕದ ಮನೆಯ ಕಿಟಕಿ ಒಡೆದು ಬಂದವರು. ಹದಿನಾಲ್ಕು ವರ್ಷದ ಹಿಂದೆ ಸನ್ನಿವೇಲ್‌ನ ಒಂದು ಆಫೀಸಿನಲ್ಲಿ, ಲಂಚಿನ ಹೊತ್ತಿಗೆ ಅಮೆರಿಕನ್ನರ ಜೊತೆ ಮಾತಾಡಲು ಏನಾದರೂ ವಿಷಯ ಬೇಕಲ್ಲ ಎಂದು ಈ ಲೀಗು ಶುರುಮಾಡಿದ್ದರು. ಒಬ್ಬೊಬ್ಬರಿಗೂ ಕಾಗದದ ಮೇಲೊಂದು ತಂಡ. ಪಟ್ಟಿಯಲ್ಲಿರುವುದು ನಿಜವಾದ ಆಟಗಾರರ ಹೆಸರುಗಳು. ಅವರು ನಿಜವಾದ ಮೈದಾನದಲ್ಲಿ ಹೊಡೆದದ್ದು, ಹಿಡಿದದ್ದು, ಓಡಿದ್ದೆಲ್ಲ ಇವರ ತಂಡಕ್ಕೆ ಅಂಕವಾಗಿ ಬರುತ್ತಿತ್ತು. ಸೀಸನ್ ಮುಗಿದ ಮೇಲೆ ಡಿಸೆಂಬರಿನ ಒಂದು ಶನಿವಾರ ಜಯರಾಮ್ ಮನೆಯಲ್ಲಿ ಟ್ರೇಡಿನ ಸಭೆ. ಹೆಸರುವಾಸಿ ಸ್ಟಾರ್ ಒಬ್ಬನನ್ನು ಕೊಟ್ಟು ಪ್ರಾಸ್ಪೆಕ್ಟುಗಳನ್ನು, ಅಂದರೆ ದೊಡ್ಡ ಲೀಗಿಗೆ ಇನ್ನೂ ಬಾರದೆ ಸಣ್ಣ ಊರುಗಳ ಮೈದಾನದಲ್ಲಿ ಬೆವರು ಹರಿಸುತ್ತಿರುವ ಹುಡುಗರನ್ನು ತೆಗೆದುಕೊಳ್ಳುವುದು. ಇಲ್ಲವೇ ಹುಡುಗನನ್ನು ಕೊಟ್ಟು ಸ್ಟಾರನ್ನು. ನಿಜವಾದ ತಂಡಗಳ ಮಾಲೀಕರು ಮಾಡುವುದನ್ನೇ ಇವರು ಬಿಸಿಬೇಳೆಬಾತಿನ ಜೊತೆ ಮಾಡುತ್ತಿದ್ದರು.

ಈ ಟ್ರೇಡಿಗೆ ಜಯರಾಮ್ ಒಂದು ಶಾಸ್ತ್ರವನ್ನೂ ಕಟ್ಟಿದ್ದ. ಒಂದು ವರ್ಷ ಯಾರೋ ಈಮೇಲಿನಲ್ಲಿ ಒಪ್ಪಿ ಮರುದಿನ ಕೈ ಎತ್ತಿಬಿಟ್ಟಿದ್ದರಂತೆ. ಅಂದಿನಿಂದ ನಿಶ್ಚಿತಾರ್ಥದಲ್ಲಿ ಬೀಗರು ಮಾಡುವಂತೆ ತಾಂಬೂಲ ಬದಲಾಯಿಸಬೇಕು. ಕೊಡುವವನು ಆಟಗಾರನ ಹೆಸರನ್ನು ಚೀಟಿಯಲ್ಲಿ ಬರೆದು, ವೀಳ್ಯದೆಲೆಯ ಕೆಳಗಿಟ್ಟು, ಅಡಿಕೆ ಬಾಳೆಹಣ್ಣಿನ ಸಮೇತ ತಟ್ಟೆಯನ್ನು ಕೊಡಬೇಕು. ಪಡೆಯುವವನು ಎರಡೂ ಕೈ ನೀಡಿ ತೆಗೆದುಕೊಳ್ಳಬೇಕು. ತಾಂಬೂಲ ಕೈ ಸೇರಿದರೆ ಆಟಗಾರ ಅವರ ಪಾಲು, ಆಮೇಲೆ ಮಾತಿಲ್ಲ. ಇದನ್ನು ಅವನು ಇಂಗ್ಲಿಷಿನಲ್ಲಿ ಟೈಪು ಮಾಡಿ, ಲೀಗಿನ ರೂಲುಗಳಲ್ಲಿ ಹನ್ನೊಂದನೆಯದಾಗಿ ಸೇರಿಸಿದ್ದ. ಅಮೆರಿಕನ್ ಆಟಕ್ಕೆ ನಮ್ಮ ಸಂಸ್ಕೃತಿಯ ಕೊಡುಗೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಎಲೆ ತರಲು ಅಂಗಡಿಗೆ ಹೋಗುತ್ತಿದ್ದವಳು ಮಾತ್ರ ಅವನ ಹೆಂಡತಿ ಶೀತಲ್.

ಅಪ್ಪನ ತಂಡದ ಹೆಸರು ಸರಸ್ವತಿಪುರಂ ಸ್ಟಾಲಿಯನ್ಸ್. ಆರು ವರ್ಷದಿಂದ ಅದನ್ನು ನಡೆಸುತ್ತಿದ್ದವಳು ನಿರುಪಮಾ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಟ್ರೇಡಿನ ಈಮೇಲಿಗೆ ಏನು ಉತ್ತರ ಬರೆಯಬೇಕು, ಎಲ್ಲ ಅವಳದೇ. ಅಪ್ಪ ಕೆಳಗೆ ತಮ್ಮ ಹೆಸರು ಹಾಕುತ್ತಿದ್ದರು. ಈ ಆರು ವರ್ಷದಲ್ಲಿ ಸ್ಟಾಲಿಯನ್ಸ್ ಮೂರು ಸಲ ಗೆದ್ದು, ಗೆದ್ದವರಿಗೆ ಕೊಡುವ ಹಿತ್ತಾಳೆ ಬಿಂದಿಗೆ ಮೂರು ಸಲ ಸನ್ನಿವೇಲ್‌ನ ಅವರ ಅಪಾರ್ಟ್‌ಮೆಂಟಿಗೆ ಬಂದಿತ್ತು. ಮೂರು ಸಲವೂ ಫೋಟೋದಲ್ಲಿ ಬಿಂದಿಗೆ ಹಿಡಿದವರು ಅಪ್ಪ. ಫೋಟೋ ತೆಗೆದವಳು ಅವಳು. ಈ ಮೇ ತಿಂಗಳಲ್ಲಿ ಸ್ಟಾಟಿಸ್ಟಿಕ್ಸಿನಲ್ಲಿ ಡಿಗ್ರಿ ಮುಗಿಸಿದ್ದಳು. ಇಂಟರ್‌ವ್ಯೂಗಳಿಗೆ ಹೋದರೆ ಎದುರಿಗಿರುವವರ ಮುಖ ನೋಡಲಾರದೆ ಮೇಜಿನ ಮರದ ಗೆರೆಗಳನ್ನು ನೋಡಿ ವಾಪಸು ಬರುತ್ತಿದ್ದಳು. ನೀನು ಇದುವರೆಗೆ ಏನನ್ನು ನಡೆಸಿದ್ದೀಯ ಎಂದು ಅಲ್ಲಿ ಕೇಳಿದರೆ ಹೇಳಿಕೊಳ್ಳಲು ಅವಳ ಬಳಿ ಇದ್ದದ್ದು ಇದೊಂದೇ. ಇದರ ಮೇಲೂ ಅವಳ ಹೆಸರಿರಲಿಲ್ಲ.

ಅವತ್ತು ಬೆಳಿಗ್ಗೆ ಡಬ್ಲಿನ್‌ಗೆ ಬರುವಾಗ, ಫ್ರೀವೇಯಲ್ಲಿ, ಅಪ್ಪ ತಾವಾಗಿಯೇ ಬಾಯಿ ಬಿಟ್ಟಿದ್ದರು. “ಈ ಸಲ ಹೇಳಿಬಿಡ್ತೀನಿ ಪುಟ್ಟಿ. ಟೀಮು ನಿಂದೇ ಅಂತ. ಮುಂದಿನ ಸೀಸನ್ನಿಂದ ನಿನ್ನ ಹೆಸರೇ ಹಾಕ್ಸೋಣ.”

“ಕರಾಬಾಯೊನ ಮಾತ್ರ ಯಾರು ಕೇಳಿದ್ರೂ ಕೊಡಬೇಡಿ ಅಪ್ಪ.”

“ಅಯ್ಯೋ, ಅವನ್ನ ಕೊಡ್ತೀನಾ?”

ಓಸ್ವಿನ್ ಕರಾಬಾಯೊ ಎಂದರೆ ಈಗ ಸೋಫಾಗಳ ಮೇಲೆ ಯಾರ ಸೊಂಟದ ವಿಚಾರಣೆ ನಡೆಯುತ್ತಿತ್ತೋ ಆ ಹುಡುಗ. ಹೋದ ವರ್ಷ ಬೇಸಿಗೆಯಲ್ಲಿ ಸ್ಯಾನ್ ಹೋಸೆಯ ಸಣ್ಣ ಮೈದಾನದಲ್ಲಿ ಅವಳು ಒಬ್ಬಳೇ ಕೂತು ಅವನನ್ನು ನೋಡಿದ್ದಳು. ಆಗ ಯಾವ ಪಟ್ಟಿಯಲ್ಲೂ ಅವನ ಹೆಸರಿರಲಿಲ್ಲ. ಫೀಲ್ಡಿಂಗಿಗೆ ನಿಂತರೆ, ಚೆಂಡು ಬ್ಯಾಟಿಗೆ ತಾಗುವ ಮೊದಲೇ ಅವನ ಕಾಲು ಎರಡು ಹೆಜ್ಜೆ ಸರಿದಿರುತ್ತಿತ್ತು, ಸರಿದ ಕಡೆಗೇ ಚೆಂಡು ಬರುತ್ತಿತ್ತು. ಒಂದು ಸಲವಾದರೆ ಅದೃಷ್ಟ. ಅವಳು ಹನ್ನೊಂದು ಆಟ ನೋಡಿದಳು, ಹನ್ನೊಂದರಲ್ಲೂ ಅದೇ. ಸ್ಟಾಲಿಯನ್ಸ್ ಪಟ್ಟಿಯ ಕೊನೆಯ ಸಾಲಿನಲ್ಲಿ ಅವನನ್ನು ಬರೆದಾಗ ಲೀಗಿನವರೆಲ್ಲ ನಕ್ಕಿದ್ದರು. ಈ ವರ್ಷ ಪತ್ರಿಕೆಗಳು ಅವನ ಬಗ್ಗೆ ಬರೆಯತೊಡಗಿದ ಮೇಲೆ, ನಕ್ಕವರೆಲ್ಲ ಅವನ ಸೊಂಟದ ತಜ್ಞರಾಗಿದ್ದರು.

“ನನ್ನ ಕೇಳಿದ್ರೆ ಜಯರಾಮ್ ಹೇಳಿದ್ದು ಸರಿ,” ಎಂದ ವಿಕಾಸ್. “ಇಂಥಾ ಹುಡುಗ್ರು ಇಪ್ಪತ್ತೈದಕ್ಕೆ ದಪ್ಪ ಆಗ್ಬಿಡ್ತಾರೆ. ಬಾಡಿ ಟೈಪು.” ವಿಕಾಸ್ ಹಲ್ಲಿನ ಡಾಕ್ಟರು. ಆದರೂ ಆ ಕೋಣೆಯಲ್ಲಿ ಮೂಳೆ, ಮಾಂಸಖಂಡಗಳ ವಿಷಯಕ್ಕೆ ಅವನ ಮಾತೇ ಕೊನೆಯದು. ಇಷ್ಟು ಹೇಳಿ ಅವನು ಹೊಟ್ಟೆಯ ಮೇಲೆ ಬಿದ್ದಿದ್ದ ಚಕ್ಕುಲಿ ಚೂರುಗಳನ್ನು ಒಂದೊಂದಾಗಿ ಆರಿಸಿ ಬಾಯಿಗೆ ಹಾಕಿಕೊಂಡ.

“ಹಾಲೊವೇನ ಕೊಡ್ತಿದೀನಿ ಗುರು, ಹಾಲೊವೇನ!” ಜಯರಾಮ್ ಅಪ್ಪನ ತೊಡೆಗೆ ತಟ್ಟಿದ. “ನಲವತ್ತು ಹೋಮ್‌ರನ್ ಹೊಡೆದವನು. ಟೀವಿ ಹಾಕಿದ್ರೆ ಅವನ ಮುಖ. ಇನ್ನೂ ಮೀಸೆ ಮೂಡದ ಹುಡುಗನಿಗೆ ಬದಲು ಮನೆ ಬಾಗಿಲಿಗೇ ತಂದು ಕೊಡ್ತಿದೀನಿ, ಯೋಚ್ನೆ ಮಾಡ್ತೀಯಲ್ಲ!”

“ಹಾಲೊವೇಗೆ ಮೂವತ್ನಾಲ್ಕು,” ಎಂದ ಮೂಲೆಯ ಕುರ್ಚಿಯಲ್ಲಿದ್ದ ಸೊಹೈಲ್. ಮನೆಯೊಳಗೂ ಅವನ ತಲೆಯ ಮೇಲೆ ಓಕ್ಲ್ಯಾಂಡ್ ತಂಡದ ಹಸಿರು ಟೋಪಿ. “ಮಂಡಿ ಎರಡು ಸಲ ರಿಪೇರಿ ಆಗಿದೆ. ನೀನು ಗುರುಗೆ ಸ್ಟಾರ್ ಕೊಡ್ತಿಲ್ಲ ಜಯರಾಮ್, ಪೇಷಂಟ್ ಕೊಡ್ತಿದೀಯ.”

“ನೀನು ಸುಮ್ನಿರಯ್ಯ. ಓಕ್ಲ್ಯಾಂಡ್ ಫ್ಯಾನುಗಳಿಗೆ ಟ್ರೇಡ್ ಬಗ್ಗೆ ಮಾತಾಡೋ ಹಕ್ಕಿಲ್ಲ.”

“ನಮಗಿಲ್ದೆ ಇನ್ಯಾರಿಗಿದೆ ಯಾರ್? ಸ್ಟಾರ್‌ನ ಕೊಟ್ಟು ಪ್ರಾಸ್ಪೆಕ್ಟ್ ತಂದ್ರು. ಪ್ರಾಸ್ಪೆಕ್ಟು ಸ್ಟಾರ್ ಆದ, ಅವನ್ನೂ ಕೊಟ್ರು. ಕೊನೇಗೆ ಟೀಮೇ ಊರು ಬಿಡ್ತು. ನನ್ ಹತ್ರ ಉಳಿದಿರೋದು ಈ ಟೋಪಿ ಒಂದೇ.”

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಎಲ್ಲರೂ ನಗು ನಿಲ್ಲಿಸಿದ ಮೇಲೆಯೂ ಇನ್ನೊಂದಿಷ್ಟು ನಕ್ಕು, ಜಯರಾಮನ ಕಡೆ ತಿರುಗಿ, “ನೀವು ಹೇಳೋದೂ ಸರಿ ಇದೆ ಜಯರಾಮ್,” ಎಂದರು.

ನಿರುಪಮಾಳ ಕೈಯಲ್ಲಿ ಚಾಕು ನಿಂತಿತು. ಆ ದನಿ ಅವಳಿಗೆ ಗೊತ್ತಿತ್ತು. ರೆಸ್ಟೋರೆಂಟಿನಲ್ಲಿ ತಪ್ಪು ತಿಂಡಿ ತಂದಿಟ್ಟರೂ ಪರವಾಗಿಲ್ಲ ಬಿಡಿ ಎಂದು ತಿನ್ನುವ ದನಿ. ಅವಳು ಮಜ್ಜಿಗೆ ಲೋಟಗಳನ್ನು ಟ್ರೇಯಲ್ಲಿಟ್ಟುಕೊಂಡು ಸೋಫಾಗಳ ನಡುವೆ ಹೋದಳು. ಯಾರೂ ಅವಳ ಮುಖ ನೋಡಲಿಲ್ಲ; ಲೋಟಗಳು ಟ್ರೇಯಿಂದ ತಾವೇ ಎದ್ದು ಹೋದಂತೆ ಹೋದವು. ಅಪ್ಪನ ಹತ್ತಿರ ಬಗ್ಗಿದಾಗ ಮೆಲ್ಲಗೆ, “ಅಪ್ಪ, ಬೇಡ,” ಎಂದಳು.

ಅಪ್ಪ ಒಂದು ಗುಟುಕು ಕುಡಿದು, ಎಲ್ಲರಿಗೂ ಕೇಳುವಂತೆ, “ಸಾಕು ಮಗಳೇ, ಉಪ್ಪು ಸರಿಯಾಗಿದೆ,” ಎಂದರು.

ಅಷ್ಟೇ. ಅದರ ಮುಂದಿನ ಹತ್ತು ನಿಮಿಷದಲ್ಲಿ ಅವರು ಒಪ್ಪಿಯೂ ಆಯಿತು. ಹಾಲೊವೇ ಸ್ಟಾಲಿಯನ್ಸ್‌ಗೆ, ಕರಾಬಾಯೊ ಜಯರಾಮನಿಗೆ. ಶೀತಲ್ ಎರಡು ಸ್ಟೀಲ್ ತಟ್ಟೆಗಳಲ್ಲಿ ಎಲೆ, ಅಡಿಕೆ, ಹಣ್ಣು ಜೋಡಿಸಿ ಕೊಟ್ಟಳು. ಇಬ್ಬರೂ ಚೀಟಿ ಬರೆದು ಎಲೆಯ ಕೆಳಗಿಟ್ಟರು. ಊಟವಾದ ಮೇಲೆ ಬದಲಾಯಿಸಿಕೊಳ್ಳುವುದೆಂದು ತಟ್ಟೆಗಳನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಂದರು. ತಟ್ಟೆ ಇಡಲು ಬಂದ ಅಪ್ಪ ಮಗಳ ಕಣ್ಣು ತಪ್ಪಿಸಿ, ಫ್ರಿಜ್ಜಿನ ಮೇಲೆ ಅಂಟಿಸಿದ್ದ ಯಾರದೋ ನಾಮಕರಣದ ಆಹ್ವಾನಪತ್ರಿಕೆಯನ್ನು ಬಹಳ ಆಸಕ್ತಿಯಿಂದ ಓದಿದರು.

ಊಟ ಅರ್ಧವಾಗಿರುವಾಗ ಶೀತಲ್ ಸೀರೆ ಉಟ್ಟು ಕೆಳಗಿಳಿದು ಬಂದಳು. ಲಿವರ್‌ಮೋರ್ ದೇವಸ್ಥಾನದಲ್ಲಿ ಎರಡು ಗಂಟೆಗೆ ಲಲಿತಾ ಸಹಸ್ರನಾಮ, ಆಗಲೇ ಎರಡಕ್ಕೆ ಹತ್ತು ನಿಮಿಷ. ಅಲ್ಲಿ ಹಂಚಲು ಕಟ್ಟಿಟ್ಟ ತಾಂಬೂಲದ ಪೊಟ್ಟಣಗಳನ್ನೆಲ್ಲ ಬ್ಯಾಗಿಗೆ ತುಂಬಿ, ಕಾರಿನ ಕೀ ಹುಡುಕಿ, ಬಾಗಿಲವರೆಗೆ ಹೋದವಳು ತಟ್ಟನೆ ತಿರುಗಿದಳು.

“ಬಾ ಪುಟ್ಟ, ಕುಂಕುಮ ಇಟ್ಕೋ. ನಾನು ಬರೋಷ್ಟರಲ್ಲಿ ನೀವು ಹೊರಟಿರ್ತೀರ. ಮನೆಗೆ ಬಂದ ಹೆಣ್ಮಗೂನ ಬರಿಗೈಲಿ ಕಳಿಸೋಕಾಗುತ್ತಾ?”

ಕುಂಕುಮ ಹಚ್ಚಿ, ಕಟ್ಟೆಯ ಮೇಲೆ ಕಣ್ಣೆದುರಿಗೇ ಇದ್ದ ತಟ್ಟೆಯೊಂದನ್ನು ಎತ್ತಿ ಕೊಟ್ಟಳು. ನಿರುಪಮಾ ಚಿಕ್ಕಂದಿನಿಂದ ರೂಢಿಯಾದಂತೆ ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಬಾಗಿದಳು. ಶೀತಲ್ ಗರಾಜಿನ ಬಾಗಿಲಿಂದ ಹೊರಟುಹೋದಳು. ಆಮೇಲೆ ನೋಡಿದರೆ ಎಲೆಯಡಿಯಿಂದ ಚೀಟಿಯ ತುದಿ ಇಣುಕುತ್ತಿತ್ತು. ಅಪ್ಪನ ಗುಂಡು ಅಕ್ಷರ: ಕರಾಬಾಯೊ.

ತಟ್ಟೆಯನ್ನು ಇದ್ದಲ್ಲೇ ಇಟ್ಟುಬಿಡಬಹುದಿತ್ತು. ಯಾರೂ ನೋಡಿರಲಿಲ್ಲ.

“ಎಲ್ಲಿ, ತಾಂಬೂಲ ಬರಲಿ!” ಎಂದು ಕೈ ತೊಳೆದುಕೊಂಡು ಬಂದ ಜಯರಾಮ್ ಕಟ್ಟೆ ನೋಡಿದ, ನಿರುಪಮಾಳನ್ನು ನೋಡಿದ. “ಅದನ್ನ ಯಾಕೆ ಹಿಡ್ಕೊಂಡು ನಿಂತಿದೀಯ ಪುಟ್ಟ? ಕೊಡು.”

“ಇದು ನನಗೆ ಕೊಟ್ಟಿದ್ದು,” ಎಂದಳು ನಿರುಪಮಾ. ದನಿ ಎಷ್ಟು ಸಣ್ಣಗಿತ್ತೆಂದರೆ ಎರಡನೇ ಸಲ ಹೇಳಬೇಕಾಯಿತು. “ಶೀತಲ್ ಆಂಟಿ ಕುಂಕುಮ ಇಟ್ಟು ನನಗೆ ಕೊಟ್ರು. ಇದರಲ್ಲಿ ಕರಾಬಾಯೊ ಇದಾನೆ.”

ಮೊದಲು ಅರ್ಥವಾದದ್ದು ಸೊಹೈಲ್‌ಗೆ. ಅವನು ಎಂಜಲು ಕೈಯಲ್ಲೇ ಕುಣಿದಾಡಿಬಿಟ್ಟ.

“ಅರೆ ವಾಹ್! ಹನ್ನೊಂದನೇ ರೂಲ್ ತೆಗಿ ಜಯರಾಮ್! ತಾಂಬೂಲ ಕೈ ಸೇರಿದ್ರೆ ಆಟಗಾರ ಅವರ ಪಾಲು. ಬರೆದೋನು ನೀನು. ಕೊಟ್ಟೋಳು ನಿನ್ನ ಹೆಂಡ್ತಿ. ಎರಡೂ ಕೈಲಿ ಇಸ್ಕೊಂಡೋಳು ಈ ಬೇಟಿ. ಮುಗೀತು!”

“ಅವಳು ಲೀಗಲ್ಲೇ ಇಲ್ವಲ್ಲೋ!”

“ಲೀಗಲ್ಲಿರೋರಿಗೆ ಮಾತ್ರ ಅಂತ ಎಲ್ಲಿ ಬರ್ದಿದೀಯ, ತೋರ್ಸು.”

ಜಯರಾಮ್ ಫೋನಿನಲ್ಲಿ ರೂಲುಗಳನ್ನು ತೆಗೆದು, ಕನ್ನಡಕ ಹಣೆಗೇರಿಸಿ ಓದಿದ. ಎಲ್ಲೂ ಬರೆದಿರಲಿಲ್ಲ. ಇನ್ನೊಂದು ಸಲ ಓದಿದ. ಆಮೇಲೆ ಹೆಂಡತಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ. ಫ್ರೀವೇಯ ಸದ್ದಿನ ನಡುವೆ ಶೀತಲ್, “ಹೌದ್ರೀ, ನಾನೇ ಕೊಟ್ಟೆ. ಯಾಕೆ, ಹಣ್ಣು ಕೊಳೆತಿತ್ತಾ?” ಎಂದಳು. ಅವನು ತಟ್ಟೆ ವಾಪಸು ಬೇಕೆಂದು ಹೇಳಿದಾಗ, “ಹೆಣ್ಮಗೂಗೆ ಕೊಟ್ಟ ತಾಂಬೂಲ ವಾಪಸ್ ಇಸ್ಕೋತೀರಾ? ಸ್ವಲ್ಪ ಬುದ್ಧಿ ಇದೆಯಾ ನಿಮಗೆ?” ಎಂದು ಇಟ್ಟುಬಿಟ್ಟಳು. ವಿಕಾಸ್ ಗಟ್ಟಿಯಾಗಿ ನಕ್ಕು, ಜಯರಾಮ್ ನೋಡಿದ ಕೂಡಲೇ ಕೆಮ್ಮಿದ.

ಆಫೀಸಿನಲ್ಲಿ ಮೂವತ್ತು ಜನರನ್ನು ಆಳುತ್ತಾನೆಂದು ಹೆಸರಾದ ಜಯರಾಮ್, ಒಂದು ಬಾಳೆಹಣ್ಣಿನ ಎದುರು ಬೆವರುತ್ತಿರುವುದನ್ನು ನಿರುಪಮಾ ನೋಡಿದಳು. ಇವನಿಗೆ ತಾನು ಇಷ್ಟು ವರ್ಷ ಹೆದರಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅವನು ಬೇಗ ಸುಧಾರಿಸಿಕೊಂಡ. “ಸರಿನಪ್ಪ. ಟೀಮಲ್ಲಿ ಇವಳ ಕೈವಾಡ ಇದೆ ಅಂದ್ರೆ ಒಪ್ಕೋತೀನಿ, ಕರಾಬಾಯೊ ಇವಳಿಗೇ ಇರ್ಲಿ. ಗುರು, ನೀನೇ ಹೇಳ್ಬಿಡು. ಸ್ಟಾಲಿಯನ್ಸ್ ನಡೆಸೋದು ಯಾರು? ನೀನೋ, ಮಗಳೋ?”

ಸೋಫಾಗಳ ಕಡೆಯಿಂದ ನಗು ಎದ್ದಿತು. ನಿರುಪಮಾಳಿಗೆ ಮಾತ್ರ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅಪ್ಪ ಯಾವ ಮಾತನ್ನು ಹೇಳಲು ಧೈರ್ಯ ಕೂಡಿಸುತ್ತಿದ್ದರೋ ಆ ಮಾತನ್ನು ಜಯರಾಮನೇ ತಮಾಷೆಗೆಂದು ಅವರ ಬಾಯಿಯ ಹತ್ತಿರ ತಂದಿಟ್ಟಿದ್ದ. ಮಗಳು, ಎಂದರೆ ಸಾಕು. ಮೂರೇ ಅಕ್ಷರ. ಟೀಮೂ ಉಳಿಯುತ್ತದೆ, ಹುಡುಗನೂ ಉಳಿಯುತ್ತಾನೆ. ಅವಳು ಅಪ್ಪನ ಮುಖವನ್ನೇ ನೋಡಿದಳು.

ಅಪ್ಪ ಕರ್ಚೀಫಿನಿಂದ ಬಾಯಿ ಒರೆಸಿಕೊಂಡರು. ಸುತ್ತಲಿನ ಏಳು ಮುಖಗಳನ್ನು ಒಂದು ಸುತ್ತು ನೋಡಿದರು. ಮಗಳ ಮುಖ ಅದರಲ್ಲಿ ಸೇರಲಿಲ್ಲ.

“ಅಯ್ಯೋ, ಇವಳಿಗೇನ್ ಗೊತ್ತು ಜಯರಾಮ್,” ಎಂದು ನಕ್ಕರು. “ನಾನು ಹೇಳಿದ್ದನ್ನ ಕೂತ್ಕೊಂಡು ಟೈಪ್ ಮಾಡ್ಕೊಡ್ತಾಳೆ, ಅಷ್ಟೆ. ಈಗಿನ ಮಕ್ಕಳು, ಅವರಿಗೆಲ್ಲ ತಮಾಷೆ. ಕೊಡು ಪುಟ್ಟಿ, ಅಂಕಲ್‌ಗೆ ಕೊಡು.”

ಅಳು ಬರುತ್ತದೆಂದು ಅವಳು ಹಲ್ಲು ಕಚ್ಚಿ ಕಾದಳು. ಬರಲಿಲ್ಲ. ಕಣ್ಣು ಒಣಗಿಯೇ ಇತ್ತು, ನೋಟ ಎಂದಿಗಿಂತ ಚುರುಕಾಗಿತ್ತು. ಅಪ್ಪನ ಅಂಗಿಯ ಕಾಲರಿನ ಮೇಲೆ ಬೇಳೆಯ ಒಂದು ಹನಿ ಒಣಗಿರುವುದು ಕಂಡಿತು. ನಗುವಾಗ ಅವರ ಭುಜಗಳು ಎರಡೂ ಮೇಲೇರಿ ಕುತ್ತಿಗೆ ಮಾಯವಾಗುವುದು ಕಂಡಿತು. ಅವರ ಕೈಗಳು ಆಗಲೇ ಹಾಲೊವೇಯ ತಟ್ಟೆಗಾಗಿ ಅರ್ಧ ಚಾಚಿಕೊಂಡಿರುವುದೂ ಕಂಡಿತು. ಮೀಸೆ ನರೆತ ಗಂಡಸೊಬ್ಬ, ಎರಡು ಸಲ ಮಂಡಿ ಕೊಯ್ಸಿಕೊಂಡ ಹೆಸರೊಂದಕ್ಕಾಗಿ, ಹಬ್ಬದ ಮನೆಯಲ್ಲಿ ಲಾಡು ಹಂಚುವವನ ಮುಂದೆ ನಿಂತ ಮಗುವಿನ ಹಾಗೆ ನಿಂತಿದ್ದ.

“ತಗೊಳ್ಳಿ ಅಪ್ಪ,” ಎಂದು ತಟ್ಟೆಯನ್ನು ಅವರ ಕೈಗೆ ಕೊಟ್ಟಳು. “ನಿಮ್ಮ ಆಟಗಾರ, ನೀವೇ ಕೊಡಿ.”

ತಟ್ಟೆಗಳು ಅದಲುಬದಲಾದವು. ಚಪ್ಪಾಳೆ ಬಿತ್ತು. ಫೋಟೋ ತೆಗೆಯಲು ಯಾರೋ ಅವಳ ಕಡೆ ಫೋನು ಚಾಚಿದರು. ಅವಳು ಕೋಸಂಬರಿಯ ಬೋಗುಣಿ ಎತ್ತಿಕೊಂಡು ಸಿಂಕಿನ ಕಡೆ ಹೋದಳು. ಕೊನೆಗೆ ವಿಕಾಸ್ ತೆಗೆದ, ಅದರಲ್ಲಿ ಎಲ್ಲರ ತಲೆ ಅರ್ಧಕ್ಕೆ ಕತ್ತರಿಸಿಹೋಯಿತು.

ಸಿಂಕಿನಲ್ಲಿ ಕೈ ತೊಳೆಯಲು ಬಂದ ಸೊಹೈಲ್ ದನಿ ತಗ್ಗಿಸಿ ಕೇಳಿದ. “ಬೇಟಾ, ಎಷ್ಟು ವರ್ಷದಿಂದ?”

“ಆರು.”

“ನಂಗೆ ಅನುಮಾನ ಇತ್ತು. ಎದುರಿಗೆ ಸಿಕ್ಕಿದ್ರೆ ಎಲ್ಲದಕ್ಕೂ ಹೂಂ ಅನ್ನೋ ಗುರು, ಈಮೇಲಲ್ಲಿ ಮಾತ್ರ ಎಷ್ಟು ಗಟ್ಟಿಯಾಗಿ ‘ನೋ’ ಅಂತ ಬರೀತಿದ್ದ! ಹೆಂಗಪ್ಪಾ ಅಂದ್ಕೋತಿದ್ದೆ.” ಅವನು ಕರುಣೆಯಿಂದ ತಲೆಯಾಡಿಸಿ, ಟವೆಲಿಗೆ ಕೈ ಒರೆಸಿಕೊಂಡು, ಜಾಮೂನು ತಿನ್ನಲು ಹೋದ. ಅನುಮಾನವಿದ್ದೂ ಇಷ್ಟು ದಿನ ಬಾಯಿ ಬಿಡದವನ ಕರುಣೆಯನ್ನು ಏನು ಮಾಡಬೇಕೆಂದು ತಿಳಿಯದೆ ನಿರುಪಮಾ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.

ವಾಪಸು ಹೋಗುವಾಗ ಕಾರು ಸುನೋಲ್ ಗುಡ್ಡಗಳನ್ನು ದಾಟಿತು. ಡಿಸೆಂಬರಿನ ಮೊದಲ ಹಸಿರು ಗುಡ್ಡಗಳ ಬುಡದಲ್ಲಿ ಆಗತಾನೆ ಚಿಗುರಿತ್ತು.

“ಬೇಜಾರಾಯ್ತಾ ಪುಟ್ಟಿ?” ಎಂದರು ಅಪ್ಪ. “ಅಷ್ಟು ಜನದ ಎದುರಿಗೆ ಹೆಂಗಮ್ಮ ಹೇಳೋದು? ಹೊತ್ತು ನೋಡಿ ಹೇಳೋಣ. ಹಾಲೊವೇ ಏನು ಕಮ್ಮಿನಾ? ಆಫೀಸಲ್ಲಿ ಹೇಳಿದ್ರೆ ಎಲ್ರಿಗೂ ಗೊತ್ತಾಗೋ ಹೆಸರು.”

ಅವಳು ಕಿಟಕಿಯ ಗಾಜನ್ನು ಅರ್ಧ ಇಳಿಸಿದಳು.

“ಫೆಬ್ರವರಿಲಿ ಡ್ರಾಫ್ಟ್ ಇದೆಯಲ್ಲ. ಯಾರ್ಯಾರನ್ನ ಹೊಸದಾಗಿ ತಗೋಬೇಕು ಅಂತ ಲಿಸ್ಟ್ ಮಾಡ್ಕೊಡ್ತೀಯ ತಾನೆ?”

“ಇಲ್ಲ ಅಪ್ಪ. ನಿಮ್ಮ ಟೀಮು, ನೀವೇ ಮಾಡಿ.”

ಅಪ್ಪ ಅವಳ ಕಡೆ ತಿರುಗಿ ನೋಡಿದರು. ತಮಾಷೆಯಲ್ಲ ಎಂದು ತಿಳಿಯಲು ಒಂದು ಮೈಲಿ ಹಿಡಿಯಿತು. ಆಮೇಲೆ ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತ, “ಸರಿ ಬಿಡು, ನಾನೇ ಮಾಡ್ತೀನಿ. ನಂಗೇನು ಬರಲ್ವಾ?” ಎಂದರು. ಮಿಲ್ಪಿಟಸ್ ಹತ್ತಿರವಾಗುವಷ್ಟರಲ್ಲಿ ಅವರಿಗೆ ಹುರುಪೇ ಬಂದುಬಿಟ್ಟಿತ್ತು.

“ಎಡಗೈಲಿ ಬಾಲ್ ಎಸೆಯೋ ಆ ಪಿಚ್ಚರ್ ಇದಾನಲ್ಲ, ಉದ್ದ ಗಡ್ಡದೋನು... ರಸ್ಕಿನ್ ಡೆಲ್‌ವೇ! ಅವನ್ನ ಮೊದಲನೇ ಸುತ್ತಲ್ಲೇ ಎತ್ತಿಬಿಡೋಣ. ಇವತ್ತು ಇಷ್ಟೊತ್ತು ಮಾತಾಡಿದ್ರಲ್ಲ, ಒಬ್ಬನಾದ್ರೂ ಅವನ ಹೆಸರು ಎತ್ತಿದ್ನಾ? ಯಾರಿಗೂ ನೆನಪೇ ಇಲ್ಲ ನೋಡು!”

ಡೆಲ್‌ವೇ ಭುಜ ಹೋಗಿ ಆಟ ಬಿಟ್ಟು ಎರಡು ವರ್ಷವಾಗಿತ್ತು. ಎಲ್ಲೋ ತನ್ನ ಊರ ಕಡೆ ಮೀನು ಹಿಡಿಯುವ ದೋಣಿಗಳನ್ನು ಬಾಡಿಗೆಗೆ ಕೊಡುತ್ತಿದ್ದಾನೆಂದು ನಿರುಪಮಾ ಓದಿದ್ದಳು. ಡ್ರಾಫ್ಟಿನ ದಿನ ಎಲ್ಲರೆದುರು, ಮೊದಲನೇ ಸುತ್ತಿನಲ್ಲಿ, ಅಪ್ಪ ಎದ್ದು ನಿಂತು ಆ ಹೆಸರನ್ನು ಗಟ್ಟಿಯಾಗಿ ಹೇಳುವುದನ್ನು ಅವಳು ಕಣ್ಣೆದುರು ತಂದುಕೊಂಡಳು. ಆಮೇಲೆ ಏಳುವ ನಗುವನ್ನೂ.

“ಹೆಂಗೆ?” ಎಂದರು ಅಪ್ಪ. “ಹೆಂಗಿದೆ ನನ್ನ ಪ್ಲಾನು?”

“ಚೆನ್ನಾಗಿದೆ ಅಪ್ಪ,” ಎಂದಳು ನಿರುಪಮಾ. “ಬರೆದಿಟ್ಕೊಳ್ಳಿ, ಮರೆತುಬಿಟ್ಟೀರ.”